100 ಡಾಲರಿಗೆ ಬಿಟ್ಟುಕೊಟ್ಟ ಆಟಗಾರ: ಅಲನ್ ಪೇಜ್

(ಕ್ರೀಡಾ ಹಾಸ್ಟೆಲ್ ಒಂದರ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು ಇವು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಂದು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕಬಡ್ಡಿ ಆಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಅದರಲ್ಲಿ ಕಾರ್ನರ್‌ನಲ್ಲಿ ನಿಂತು ರೈಡರ್ ಕಾಲು ಹಿಡಿಯುವವರು? ಸರಿ, ಕೈ ಇಳಿಸಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೆ.

ನಾನು ಹೇಳಲು ಹೊರಟಿರುವುದು ಅಮೆರಿಕನ್ ಫುಟ್‌ಬಾಲ್ ಆಡಿದ ಒಬ್ಬರ ಬಗ್ಗೆ. ಹೆಸರು ಅಲನ್ ಪೇಜ್. ನಾನು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ 11 ವರ್ಷ ಕೆಲಸ ಮಾಡಿದೆ. ಆ ಊರಿನಲ್ಲಿ ಈ ಹೆಸರು ಕೇಳದ ಮನೆ ಇಲ್ಲ. ವಯಸ್ಸಾದವರಿಗೆ ಅವರು ಆಟಗಾರ. ನಡುವಯಸ್ಸಿನವರಿಗೆ ನ್ಯಾಯಮೂರ್ತಿ. ಚಿಕ್ಕ ಮಕ್ಕಳಿಗೆ ತಮ್ಮ ಶಾಲೆಯ ಬೋರ್ಡಿನ ಮೇಲಿರುವ ಹೆಸರು. ಒಬ್ಬ ಮನುಷ್ಯನಿಗೆ ಹೀಗೆ ಮೂರು ತಲೆಮಾರಿನಲ್ಲಿ ಮೂರು ಬೇರೆ ಹೆಸರು ಬಂದದ್ದು ಹೇಗೆ ಅಂತ ನಾನು ತುಂಬ ದಿನ ಯೋಚಿಸಿದ್ದೇನೆ.

ಮೊದಲು ಆಟ. ಹೆಸರು ಫುಟ್‌ಬಾಲ್ ಆದರೂ ಚೆಂಡು ಇರುವುದು ಹೆಚ್ಚಾಗಿ ಕೈಯಲ್ಲೇ. ಒಂದು ಕಡೆ 11 ಜನ, ಇನ್ನೊಂದು ಕಡೆ 11 ಜನ. ಚೆಂಡು ಇರುವ ತಂಡ 4 ಪ್ರಯತ್ನಗಳ ಒಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ 4 ಪ್ರಯತ್ನ ಸಿಗುತ್ತವೆ. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಆ ತಂಡದ ನಡುವೆ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರುತ್ತಾನೆ. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವುದು ಅವನೇ. ಅವನಿಗೆ ಬೇಕಾಗಿರುವುದು ಮೂರು ಸೆಕೆಂಡಿನ ಬಿಡುವು. ಆ ಮೂರು ಸೆಕೆಂಡು ಅವನಿಗೆ ಸಿಗದ ಹಾಗೆ ಮಾಡುವುದು ಎದುರು ತಂಡದ ಮುಂದಿನ ಸಾಲಿನ ನಾಲ್ವರ ಕೆಲಸ. ಆ ನಾಲ್ವರಲ್ಲಿ ನಡುವೆ ನಿಲ್ಲುವ ಇಬ್ಬರಿಗೆ ಡಿಫೆನ್ಸಿವ್ ಟ್ಯಾಕಲ್ ಅಂತಾರೆ. ಅವರ ಮೇಲೆ ಪ್ರತಿ ಸಲವೂ ನೂರು ಕಿಲೋ ದಾಟಿದ ಒಬ್ಬಿಬ್ಬರು ಬಂದು ಬೀಳುತ್ತಾರೆ. ಅವರನ್ನು ತಳ್ಳಿಕೊಂಡು, ನುಸುಳಿಕೊಂಡು ಹೋಗಿ ಆ ಒಬ್ಬನನ್ನು ಹಿಡಿಯಬೇಕು. ಪೇಜ್ ಆಡುತ್ತಿದ್ದದ್ದು ಅಲ್ಲಿ.

ಕಬಡ್ಡಿಯಲ್ಲೂ ಅಷ್ಟೇ ಅಲ್ವಾ? ಜನ ಕೂಗುವುದು ರೈಡರ್ ಹೆಸರನ್ನು. ಹಿಡಿದವನ ಹೆಸರು ಮಾರನೇ ದಿನ ಎಷ್ಟು ಜನಕ್ಕೆ ನೆನಪಿರುತ್ತದೆ? ಅಮೆರಿಕದಲ್ಲೂ ಎಸೆಯುವವರಿಗೆ, ಓಡುವವರಿಗೆ ಪ್ರಶಸ್ತಿ. ತಡೆಯುವವರಿಗೆ ಬರೀ ಗಾಯ. 1971ರಲ್ಲಿ ಮೊದಲ ಸಲ ಅದು ಬದಲಾಯಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೊಡುವ ವರ್ಷದ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಅಲನ್ ಪೇಜ್ ಅವರಿಗೆ ಬಂತು. ತಡೆಯುವ ಕಡೆಯ ಆಟಗಾರನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅದು ಇನ್ನೊಮ್ಮೆ ಆಗಲು 15 ವರ್ಷ ಬೇಕಾಯಿತು. 1986ರಲ್ಲಿ ಲಾರೆನ್ಸ್ ಟೇಲರ್‌ಗೆ ಬಂತು.

ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಕಪ್ಪು ಜನರ ಮನೆಯ ಹುಡುಗ ಓದು ಮುಗಿಸಿದರೆ ಕಾರ್ಖಾನೆಗೆ ಸೇರುವುದೇ ದೊಡ್ಡ ವಿಷಯ. ಪೇಜ್‌ಗೆ ಅದು ಬೇಡವಾಗಿತ್ತು. ದಿನವೂ ಒಂದೇ ಯಂತ್ರದ ಮುಂದೆ ನಿಲ್ಲುವುದನ್ನು ನೆನೆದರೆ ಆಗುತ್ತಿರಲಿಲ್ಲ. ಟಿವಿಯಲ್ಲಿ ವಕೀಲರ ಧಾರಾವಾಹಿ ಬರುತ್ತಿತ್ತು. ಅದನ್ನು ನೋಡಿ ವಕೀಲ ಆಗಬೇಕು ಅಂದುಕೊಂಡರು. ಅವರಿಗೆ 8 ವರ್ಷ ಇದ್ದಾಗ, 1954ರಲ್ಲಿ, ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಇಡುವುದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಒಂದು ಕೋರ್ಟಿನ ಮಾತಿಗೆ ಅಷ್ಟು ಬಲ ಇದೆಯಲ್ಲ ಅನ್ನುವುದು ಆ ಹುಡುಗನ ಮನಸ್ಸಿನಲ್ಲಿ ಕೂತಿತು. ಅಪ್ಪ ಅಮ್ಮ ಇಬ್ಬರೂ ಓದು ಓದು ಅಂತ ಹೇಳುತ್ತಿದ್ದವರು. 13 ವರ್ಷ ಆಗಿದ್ದಾಗ ಅಮ್ಮ ತೀರಿಕೊಂಡರು.

ಕ್ಯಾಂಟನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಇರುವುದು ಅಲ್ಲೇ. ಅಂದರೆ ಆಟದ ಅತಿ ದೊಡ್ಡವರ ಪ್ರತಿಮೆಗಳನ್ನು ಸಾಲಾಗಿ ಇಟ್ಟಿರುವ ಭವನ. ಅದು ಬಾಗಿಲು ತೆರೆದದ್ದು 1963ರಲ್ಲಿ. ಅದನ್ನು ಕಟ್ಟುವಾಗ ಗಾರೆ ಕೆಲಸದ ಕೂಲಿಗಳ ಜೊತೆ ಹೈಸ್ಕೂಲಿನ ಒಬ್ಬ ಹುಡುಗ ಇದ್ದ. ಅದು ಪೇಜ್. 25 ವರ್ಷ ಆದ ಮೇಲೆ, 1988ರಲ್ಲಿ, ಅದೇ ಕಟ್ಟಡದಲ್ಲಿ ಅವರ ಪ್ರತಿಮೆ ಇಟ್ಟರು. ಇದನ್ನು ನಾನು ಮೊದಲು ಕೇಳಿದಾಗ ಯಾರೋ ಸುಮ್ನೆ ಕಟ್ಟಿದ ಕಥೆ ಅಂದುಕೊಂಡಿದ್ದೆ. ಅಲ್ಲ, ನಡೆದದ್ದೇ.

ಕಾಲೇಜು ನಾಟರ್ ಡೇಮ್. ಅಲ್ಲಿ 1966ರಲ್ಲಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 1967ರಲ್ಲಿ ರಾಜ್ಯಶಾಸ್ತ್ರದಲ್ಲಿ ಪದವಿ ಮುಗಿಸಿದರು. ಅದೇ ವರ್ಷ ವೃತ್ತಿಪರ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಮಿನೆಸೋಟ ವೈಕಿಂಗ್ಸ್ ತಂಡ ಮೊದಲ ಸುತ್ತಿನಲ್ಲೇ ಅವರನ್ನು ಆರಿಸಿಕೊಂಡಿತು.

ಆಗಿನ ವೈಕಿಂಗ್ಸ್ ತಂಡವನ್ನು ನೆನೆದರೆ ಆ ಊರಿನ ಹಿರಿಯರಿಗೆ ಇವತ್ತಿಗೂ ಕಣ್ಣು ಹೊಳೆಯುತ್ತದೆ. ಬ್ಲೂಮಿಂಗ್‌ಟನ್‌ನ ಮೆಟ್ರೊಪಾಲಿಟನ್ ಸ್ಟೇಡಿಯಂ. ಮೇಲೆ ಚಾವಣಿ ಇಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಚಳಿ. ಕೋಚ್ ಬಡ್ ಗ್ರಾಂಟ್ ಮೈದಾನದ ಅಂಚಿನಲ್ಲಿ ತಮ್ಮ ಆಟಗಾರರಿಗೆ ಹೀಟರ್ ಇಡಲು ಬಿಡುತ್ತಿರಲಿಲ್ಲ. ಎದುರಾಳಿಗಳು ಹೀಟರ್ ಸುತ್ತ ಕೂತು ನಡುಗುತ್ತಿದ್ದರೆ ಇವರು ಬರಿಗೈಯಲ್ಲಿ ನಿಂತಿರುತ್ತಿದ್ದರು. ಈಗ ಆ ಜಾಗದಲ್ಲಿ ಮಾಲ್ ಆಫ್ ಅಮೆರಿಕ ಎದ್ದಿದೆ. ಅಮೆರಿಕಕ್ಕೆ ಮಕ್ಕಳನ್ನು ನೋಡಲು ಬರುವ ನಮ್ಮ ಅಪ್ಪ ಅಮ್ಮಂದಿರನ್ನು ಎಲ್ಲರೂ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಅವರು ನಡೆಯುವುದು ಪೇಜ್ ಓಡಿದ ನೆಲದ ಮೇಲೆ ಅಂತ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಪೇಜ್, ಕಾರ್ಲ್ ಎಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್. ಈ ನಾಲ್ವರ ಸಾಲಿಗೆ ಪರ್ಪಲ್ ಪೀಪಲ್ ಈಟರ್ಸ್ ಅಂತ ಹೆಸರು ಬಿತ್ತು. ಜರ್ಸಿಯ ಬಣ್ಣ ನೇರಳೆ, ಆಟ ಎದುರಾಳಿಗಳನ್ನು ತಿಂದುಹಾಕುವಂಥದ್ದು. ಕ್ವಾರ್ಟರ್‌ಬ್ಯಾಕ್ ಹತ್ತಿರ ಸಿಗೋಣ ಅನ್ನುವುದು ಅವರ ಮಾತು. ನಾಲ್ಕು ದಿಕ್ಕಿನಿಂದ ಹೊರಟು ಅವನ ಮೈಮೇಲೆ ಭೇಟಿಯಾಗುವುದು! ಪೇಜ್ ಆ ಜಾಗದಲ್ಲಿ ಆಡುವ ಬೇರೆಯವರಷ್ಟು ಭಾರ ಇರಲಿಲ್ಲ. ಅವರ ಬಲ ಮೊದಲ ಹೆಜ್ಜೆ. ಚೆಂಡು ಅಲ್ಲಾಡಿದ ಕ್ಷಣಕ್ಕೆ ಅವರು ಎದುರಾಳಿಯ ಪಕ್ಕ ದಾಟಿಯಾಗಿರುತ್ತಿತ್ತು. 1971ರ ಡಿಸೆಂಬರ್‌ನಲ್ಲಿ ಡೆಟ್ರಾಯ್ಟ್ ವಿರುದ್ಧದ ಒಂದು ಪಂದ್ಯ ಇದೆ. ರೆಫರಿಗಳು ಸಾಲಾಗಿ ಇವರ ಮೇಲೆ ತಪ್ಪು ಹಾಕಿದರು. ಇವರಿಗೆ ಸಿಟ್ಟು ಬಂತು. ಆಮೇಲಿನ ಕೆಲವು ನಿಮಿಷ ಎದುರು ತಂಡ ಏನು ಮಾಡಿದರೂ ಪೇಜ್ ಅಲ್ಲಿರುತ್ತಿದ್ದರು. ಅದರ ವಿಡಿಯೊ ಸಿಗುತ್ತದೆ, ಹುಡುಕಿ ನೋಡಿ. ಕಾರ್ನರ್‌ನವರು ಎರಡು ಸಲ ನೋಡಿ.

15 ಸೀಸನ್ ಆಡಿದರು. ಸಾಲಾಗಿ 218 ಪಂದ್ಯ. ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ಅವರ ಒಂದು ಕೈಯ ಕಿರುಬೆರಳು ಮತ್ತೆ ಮತ್ತೆ ಕೀಲು ತಪ್ಪಿ, ಈಗ ಬಾಗಿಲ ಚಿಲಕದ ಹಾಗೆ ಅಡ್ಡ ತಿರುಗಿ ನಿಂತಿದೆ. ಮುಂದೆ ಅವರು ಮಗಳ ಜೊತೆ ಸೇರಿ ಮಕ್ಕಳಿಗೆ ಪುಸ್ತಕ ಬರೆದಾಗ ಮೊದಲ ಕಥೆ ಆ ಬೆರಳಿನದೇ ಆಯಿತು. ಮಗಳು ಪ್ರಾಥಮಿಕ ಶಾಲೆಯ ಟೀಚರ್.

ಸೋಲೂ ಇತ್ತು. ಅವರಿದ್ದ ವೈಕಿಂಗ್ಸ್ 4 ಸಲ ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ, ಹೋಯಿತು. 4 ಸಲವೂ ಸೋತಿತು. 1970ರಲ್ಲಿ ಕ್ಯಾನ್ಸಸ್ ಸಿಟಿ, 1974ರಲ್ಲಿ ಮಯಾಮಿ, 1975ರಲ್ಲಿ ಪಿಟ್ಸ್‌ಬರ್ಗ್, 1977ರಲ್ಲಿ ಓಕ್‌ಲ್ಯಾಂಡ್. ನಡುವೆ 1975ರ ಡಿಸೆಂಬರ್‌ನಲ್ಲಿ ಡಲ್ಲಾಸ್ ವಿರುದ್ಧ ನಾಕೌಟ್ ಪಂದ್ಯ. ಗೆದ್ದೇಬಿಟ್ಟೆವು ಅನ್ನುವಾಗ ಡಲ್ಲಾಸ್‌ನ ರೋಜರ್ ಸ್ಟಾಬಾಕ್ ಕೊನೆಗಳಿಗೆಯಲ್ಲಿ ಚೆಂಡನ್ನು ದೂರಕ್ಕೆ ಎಸೆದ. ದೇವರ ಮೇಲೆ ಭಾರ ಹಾಕಿ ಎಸೆದೆ ಅಂತ ಆಮೇಲೆ ಹೇಳಿದ. ಅದನ್ನು ಅವನ ಜೊತೆಗಾರ ಹಿಡಿದುಬಿಟ್ಟ. 17-14. ಈ ಸ್ಟಾಬಾಕ್ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಈಗ ನಾನು ಇಲ್ಲಿಗೆ ಬಂದ ಕಾರಣಕ್ಕೆ ಬರುತ್ತೇನೆ.

ವೈಕಿಂಗ್ಸ್‌ನಲ್ಲಿ ಒಂದು ದಿನ ಕೋಚ್ ಮುಂದಿನ ಸಾಲಿನ ಆಟಗಾರರನ್ನು ಕೂರಿಸಿಕೊಂಡರು. ತಂಡದ ಆಟದ ಲೆಕ್ಕಾಚಾರ ಎಲ್ಲ ಬರೆದಿರುವ ಪುಸ್ತಕ ಇರುತ್ತದೆ, ಅದಕ್ಕೆ ಪ್ಲೇಬುಕ್ ಅಂತಾರೆ. ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿ ಅಂದರು. ಆಗ ಪೇಜ್‌ಗೆ ಗೊತ್ತಾಯಿತು. ಜೊತೆಗೆ ಆಡುವ ಕೆಲವರಿಗೆ ಓದಲು ಬರುತ್ತಿರಲಿಲ್ಲ. ಎಲ್ಲರೂ ಕಾಲೇಜಿಗೆ ಹೋಗಿ ಬಂದವರೇ. ದೇಶವೆಲ್ಲ ಟಿವಿಯಲ್ಲಿ ನೋಡುವ ಆಟಗಾರರು. ಒಂದು ಪುಟ ಓದುವುದು ಕಷ್ಟ ಅವರಿಗೆ. ಹಾಲ್ ಆಫ್ ಫೇಮ್‌ನಲ್ಲಿ ಮಾತಾಡುವಾಗ ಪೇಜ್ ಇದನ್ನು ಹೇಳಿದರು. ಅವರು ಆ ಗೆಳೆಯರನ್ನು ದೂರಲಿಲ್ಲ. ಎರಡನೇ ಮೂರನೇ ತರಗತಿಯಲ್ಲೇ ಯಾರೋ ಈ ಮಕ್ಕಳ ಕೈಬಿಟ್ಟಿದ್ದಾರೆ ಅಂತ ಅವರಿಗೆ ಅನ್ನಿಸಿತು. ಹುಡುಗ ಚೆನ್ನಾಗಿ ಆಡುತ್ತಾನೆ, ಮುಂದಕ್ಕೆ ಕಳಿಸಿ. ಹೀಗೆ ತಳ್ಳಿಕೊಂಡು ತಳ್ಳಿಕೊಂಡು ಅಲ್ಲಿಗೆ ತಂದಿದ್ದಾರೆ.

ನಾನು ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ನಮ್ಮ ತಂಡದ ಎಡ ಕಾರ್ನರ್‌ನಲ್ಲಿ ಒಬ್ಬ ಗೆಳೆಯ ಇದ್ದ. ಅವನ ಕೈಗೆ ಕಾಲು ಸಿಕ್ಕರೆ ಬಿಡಿಸಿಕೊಂಡು ಹೋದವರಿಲ್ಲ. ಕ್ಲಾಸಿಗೆ ಬರದಿದ್ದರೂ ಅವನಿಗೆ ಹಾಜರಾತಿ ಬೀಳುತ್ತಿತ್ತು. ಪರೀಕ್ಷೆ ಹೇಗೋ ಪಾಸಾಗುತ್ತಿತ್ತು. ನಮಗೆಲ್ಲ ಅವನ ಮೇಲೆ ಹೊಟ್ಟೆಕಿಚ್ಚು. ಮೂರನೇ ವರ್ಷ ಅವನ ಮೊಣಕಾಲು ಹೋಯಿತು. ಕ್ರೀಡಾ ಕೋಟಾದಲ್ಲಿ ಒಂದು ಕೆಲಸಕ್ಕೆ ಅರ್ಜಿ ಕರೆದಿದ್ದರು. ಅವನು ಆ ಅರ್ಜಿ ಹಿಡಿದುಕೊಂಡು ನನ್ನ ರೂಮಿಗೆ ಬಂದ. "ಲೋ, ಇದರಲ್ಲಿ ಏನು ಬರೆದಿದ್ದಾರೆ ಓದಿ ಹೇಳೋ" ಅಂದ. ನಾನು ಇಂಗ್ಲಿಷ್‌ನಲ್ಲಿರಬೇಕು ಅಂದುಕೊಂಡು ಕೈಗೆ ತೆಗೆದುಕೊಂಡೆ. ಕನ್ನಡದಲ್ಲಿತ್ತು. ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೆವು. ನನಗೆ ಗೊತ್ತೇ ಇರಲಿಲ್ಲ. ಪದಕ ತಂದುಕೊಟ್ಟ ಹುಡುಗನಿಗೆ ನಮ್ಮ ಸಂಸ್ಥೆಯಲ್ಲಿ ಒಬ್ಬರಾದರೂ ಕೂರಿಸಿಕೊಂಡು ಓದಲು ಕಲಿಸಬಹುದಿತ್ತು. ಯಾರೂ ಮಾಡಲಿಲ್ಲ. ಅವರ ಜೊತೆ ನಾನೂ ಮಾಡಲಿಲ್ಲ.

ಪೇಜ್ ಬೇರೆಯಾಗಿ ನಿಲ್ಲುವುದು ಇಲ್ಲಿ. ಆಟ ಮುಗಿದ ಮೇಲೆ ನೋಡೋಣ ಅಂತ ಅವರು ಕಾಯಲಿಲ್ಲ. ಆಡುತ್ತಿದ್ದಾಗಲೇ ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಸೇರಿದರು. ಅದಕ್ಕೂ ಮೊದಲು ಒಮ್ಮೆ ಬೇರೆ ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದರು, ಆಗಲಿಲ್ಲ. ಎರಡನೇ ಸಲ ಬಿಡಲಿಲ್ಲ. 1975ರಿಂದ 1978ರವರೆಗೆ ಕ್ಲಾಸು, ಅಭ್ಯಾಸ, ಪಂದ್ಯ, ಮತ್ತೆ ಕ್ಲಾಸು. ಆ ವರ್ಷಗಳಲ್ಲಿ ಆಟಗಾರರ ಸಂಘದಲ್ಲೂ ತಂಡದ ಪ್ರತಿನಿಧಿಯಾಗಿದ್ದರು. ಮಾಲೀಕರ ಎದುರು ಕೂತು ಮಾತಾಡುವ ಕೆಲಸ ಅದು. ತಂಡದ ಯಜಮಾನರಿಗೆ ಇದು ಇಷ್ಟ ಆಗುವ ವಿಷಯ ಅಲ್ಲ.

ಇದರ ಜೊತೆಗೆ ಓಟ. ಹೆಂಡತಿ ಡಯಾನ್ ಸಿಗರೇಟು ಬಿಡಬೇಕು ಅಂತ ಓಡಲು ಶುರು ಮಾಡಿದ್ದರು. ಇವರು ಜೊತೆಗೆ ಹೋದರು. ಹೋದವರಿಗೆ ಅದೇ ಹುಚ್ಚು ಹಿಡಿಯಿತು. 1979ರಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದರು. ಲೀಗ್‌ನಲ್ಲಿ ಆಡುತ್ತಿರುವಾಗಲೇ ಮ್ಯಾರಥಾನ್ ಮುಗಿಸಿದ ಮೊದಲಿಗರು ಅವರೇ. ಆದರೆ ಅದಕ್ಕೆ ಮೊದಲೇ ತೂಕದ ತಕರಾರು ಶುರುವಾಗಿತ್ತು. ಅಷ್ಟು ಓಡಿದರೆ ತೂಕ ನಿಲ್ಲುತ್ತದೆಯೇ? 110 ಕಿಲೋ ಆಸುಪಾಸಿನಲ್ಲಿದ್ದವರು ಸುಮಾರು 100ಕ್ಕೆ ಇಳಿದರು. ಆ ಜಾಗದಲ್ಲಿ ನಿಲ್ಲಲು ಇದು ಸಾಲದು ಅಂತ ಕೋಚ್ ತೀರ್ಮಾನ ಮಾಡಿದರು.

1978ರ ಅಕ್ಟೋಬರ್‌ನಲ್ಲಿ, ಸೀಸನ್ ನಡುವೆಯೇ, ವೈಕಿಂಗ್ಸ್ ಅವರನ್ನು ಬಿಟ್ಟುಬಿಟ್ಟಿತು. ಲೀಗ್ ನಿಯಮದ ಪ್ರಕಾರ ಹೀಗೆ ಬಿಟ್ಟ ಆಟಗಾರನನ್ನು ಬೇರೆ ತಂಡ 100 ಡಾಲರ್ ಕಟ್ಟಿ ತೆಗೆದುಕೊಳ್ಳಬಹುದು. ವರ್ಷದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವರು. ಲೀಗ್‌ನ ಶ್ರೇಷ್ಠ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ 9 ಸಲ ಆಯ್ಕೆಯಾದವರು. ಅವರ ಬೆಲೆ 100 ಡಾಲರ್. ಕೊಂಡವರು ಶಿಕಾಗೊ ಬೇರ್ಸ್. ಅಲ್ಲಿ ಆ ವರ್ಷವೇ ಮುಖ್ಯ ಕೋಚ್ ಆಗಿದ್ದ ನೀಲ್ ಆರ್ಮ್‌ಸ್ಟ್ರಾಂಗ್ ಮೊದಲು ವೈಕಿಂಗ್ಸ್‌ನಲ್ಲಿ ರಕ್ಷಣೆಯ ಕೋಚ್. ಚಂದ್ರನ ಮೇಲೆ ಕಾಲಿಟ್ಟವರಲ್ಲ, ಹೆಸರು ಮಾತ್ರ ಒಂದೇ. ಅವರಿಗೆ ಪೇಜ್ ಏನು ಅಂತ ಗೊತ್ತಿತ್ತು. ತೂಕ ಕಡಿಮೆಯಾಯಿತು ಅಂತ ಬಿಟ್ಟ ಆ ಆಟಗಾರ ಶಿಕಾಗೊದಲ್ಲಿ 1981ರ ಕೊನೆಯವರೆಗೂ ಒಂದು ಪಂದ್ಯವೂ ಬಿಡದೆ ಆಡಿದರು. ಕಾನೂನು ಪದವಿ ಅಷ್ಟರಲ್ಲಿ ಕೈಯಲ್ಲಿತ್ತು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಮಿನಿಯಾಪೊಲಿಸ್‌ನ ಒಂದು ವಕೀಲರ ಕಚೇರಿಯಲ್ಲಿ ಕೂತು ಕೇಸು ನೋಡುತ್ತಿದ್ದರು.

ಮಕ್ಕಳೇ, ನಿಮ್ಮಲ್ಲಿ ಯಾರನ್ನಾದರೂ ಒಂದು ದಿನ ಹೀಗೆ ಕೈಬಿಡಬಹುದು. ಮೊಣಕಾಲು ಹೋಗಬಹುದು, ವಯಸ್ಸಾಗಬಹುದು, ಹೊಸ ಕೋಚ್ ಬರಬಹುದು. ಆ ಲೀಗ್‌ನಲ್ಲಿ ಹೆಚ್ಚಿನವರ ಆಟ ಮೂರು ನಾಲ್ಕು ವರ್ಷಕ್ಕೇ ಮುಗಿದುಹೋಗುತ್ತದೆ. ಆ ದಿನ ಪೇಜ್ ಕೈಯಲ್ಲಿ ಇನ್ನೊಂದು ಕೆಲಸ ಇತ್ತು. ನನ್ನ ಗೆಳೆಯನ ಕೈಯಲ್ಲಿ ಅವನಿಗೆ ಓದಲಾಗದ ಒಂದು ಕಾಗದ ಇತ್ತು.

1988ಕ್ಕೆ ಬರೋಣ. ಹಾಲ್ ಆಫ್ ಫೇಮ್‌ಗೆ ಸೇರುವವರನ್ನು ವೇದಿಕೆಗೆ ಪರಿಚಯಿಸಲು ಅವರಿಗೆ ಇಷ್ಟವಾದವರನ್ನು ಕರೆಸಬಹುದು. ಸಾಮಾನ್ಯವಾಗಿ ಹಳೆಯ ಕೋಚ್, ಇಲ್ಲವೇ ಜೊತೆ ಆಡಿದವರು ಬರುತ್ತಾರೆ. ಪೇಜ್ ಕರೆಸಿದ್ದು ವಿಲ್ಲರೀನ್ ಬೀಸ್ಲಿ ಅವರನ್ನು. ಅವರು ಮಿನಿಯಾಪೊಲಿಸ್‌ನ ಒಂದು ಸರ್ಕಾರಿ ಹೈಸ್ಕೂಲಿನ ಪ್ರಿನ್ಸಿಪಾಲ್! ಆಮೇಲೆ ಪೇಜ್ ತಮ್ಮ ಮಾತಿನಲ್ಲಿ ಆಟದ ಬಗ್ಗೆ ಹೇಳಿದ್ದು ಕಡಿಮೆ. ಹೇಳಿದ್ದೆಲ್ಲ ಶಾಲೆಯ ಬಗ್ಗೆ. ಮಕ್ಕಳು ಕನಸು ಕಾಣುವುದನ್ನು ಯಾವಾಗ ನಿಲ್ಲಿಸುತ್ತಾರೋ ನನಗೆ ಗೊತ್ತಿಲ್ಲ, ಆದರೆ ಅವರಲ್ಲಿ ಭರವಸೆ ಸೋರಿಹೋಗಲು ಶುರುವಾಗುವುದು ಯಾವಾಗ ಅಂತ ಗೊತ್ತು, ಅದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಅಂದು ಹೇಳಿದ್ದರ ಸಾರ ಇದು.

ಅದೇ ವರ್ಷ ಪೇಜ್ ಎಜುಕೇಷನ್ ಫೌಂಡೇಷನ್ ಶುರುವಾಯಿತು. ಮಿನೆಸೋಟದ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ಕಾಲೇಜಿನಲ್ಲಿ ಓದಲು ಹಣ. ಸಾವಿರಾರು ಮಕ್ಕಳು ಅದರಿಂದ ಓದಿದರು. ನನಗೆ ಹಿಡಿಸಿದ್ದು ಅದರ ಷರತ್ತು. ಹಣ ಪಡೆದ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ 50 ಗಂಟೆ ಚಿಕ್ಕ ಮಕ್ಕಳ ಜೊತೆ ಕೂತು ಕಲಿಸಬೇಕು. ಸಂಸ್ಥೆಗೆ ಧನ್ಯವಾದದ ಪತ್ರ ಬರೆದರೆ ಸಾಲದು. ಎರಡನೇ ತರಗತಿಯ ಮಗುವಿನ ಪಕ್ಕದಲ್ಲಿ ತನ್ನದೇ ಬಣ್ಣದ, ತನ್ನದೇ ಬೀದಿಯ ಒಬ್ಬ ಅಣ್ಣನೋ ಅಕ್ಕನೋ ಕೂತು ಓದಿಸಬೇಕು. ಆ ಮಗುವಿಗೆ ಕಾಲೇಜು ಅನ್ನುವುದು ಮುಟ್ಟುವ ದೂರದಲ್ಲಿದೆ ಅಂತ ಕಾಣಬೇಕು.

ಇನ್ನು ಕೋರ್ಟು. ವಕೀಲಿಕೆ ಆದ ಮೇಲೆ ಪೇಜ್ 1985ರಿಂದ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಮಿನೆಸೋಟದಲ್ಲಿ ನ್ಯಾಯಾಧೀಶರನ್ನು ಜನ ಓಟು ಹಾಕಿ ಆರಿಸಬೇಕು ಅಂತ ಸಂವಿಧಾನವೇ ಹೇಳುತ್ತದೆ. ಆದರೆ ನಡೆಯುತ್ತಿದ್ದದ್ದು ಬೇರೆ. ಅವಧಿ ನಡುವೆ ಜಾಗ ಖಾಲಿಯಾದರೆ ಗವರ್ನರ್ ತಮಗೆ ಬೇಕಾದವರನ್ನು ಕೂರಿಸುತ್ತಿದ್ದರು. 1992ರಲ್ಲಿ ಚುನಾವಣೆಗೆ ಬರಬೇಕಿದ್ದ ಒಂದು ಸ್ಥಾನದ ಅವಧಿಯನ್ನು ಗವರ್ನರ್ ಮುಂದೂಡಿದರು. ಪೇಜ್ ಸುಮ್ಮನೆ ಕೂರಲಿಲ್ಲ, ಗವರ್ನರ್ ವಿರುದ್ಧ ಕೋರ್ಟಿಗೆ ಹೋದರು. ಚುನಾವಣೆ ನಡೆಸಲೇಬೇಕು ಅಂತ ತೀರ್ಪು ಬಂತು. ನಿಂತರು, ಗೆದ್ದರು. 1993ರ ಜನವರಿಯಲ್ಲಿ ಮಿನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1858ರಲ್ಲಿ ಹುಟ್ಟಿದ ರಾಜ್ಯ ಅದು. 135 ವರ್ಷದಲ್ಲಿ ಅಲ್ಲಿ ಕೂತ ಮೊದಲ ಕಪ್ಪು ನ್ಯಾಯಮೂರ್ತಿ.

ಫುಟ್‌ಬಾಲ್ ಹೆಸರಿನಿಂದ ಓಟು ಬಂತು ಅಂತ ಹೇಳಿದವರಿದ್ದರು. ಹೆಸರು ಸಹಾಯ ಮಾಡಿರಲೇಬೇಕು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹೆಸರಿನಿಂದ ಒಂದು ಸಲ ಒಳಗೆ ಹೋಗಬಹುದು, 22 ವರ್ಷ ಕೂರಲು ಆಗುವುದಿಲ್ಲ. 1998ರಲ್ಲಿ ಅವರಿಗೆ ಬಿದ್ದಷ್ಟು ಓಟು ಅಲ್ಲಿಯವರೆಗೆ ಮಿನೆಸೋಟದಲ್ಲಿ ಯಾವ ಅಭ್ಯರ್ಥಿಗೂ ಬಿದ್ದಿರಲಿಲ್ಲ. 2004 ಮತ್ತು 2010ರಲ್ಲೂ ಗೆದ್ದರು. 2009ರಲ್ಲಿ ಅಮೆರಿಕ ಸೆನೆಟ್‌ನ ಒಂದು ಸ್ಥಾನದ ಜಗಳ ಅವರ ಮುಂದೆ ಬಂತು. ನಾರ್ಮ್ ಕೋಲ್ಮನ್ ಮತ್ತು ಅಲ್ ಫ್ರಾಂಕೆನ್ ನಡುವೆ ಅಂತರ ಬರೀ 312 ಓಟು. ಮತ ಎಣಿಕೆಯಲ್ಲಿ ಪಾಲ್ಗೊಂಡಿದ್ದ ಮುಖ್ಯ ನ್ಯಾಯಮೂರ್ತಿ ಹಿಂದೆ ಸರಿದರು. ಹಿರಿಯರಾದ ಪೇಜ್ ಪೀಠದ ನಡುವಿನ ಕುರ್ಚಿಯಲ್ಲಿ ಕೂತರು. ದೇಶವೇ ಎದುರು ನೋಡುತ್ತಿದ್ದ ಆ ತೀರ್ಪು 5-0 ಆಗಿ ಬಂತು. ಅವರ ಬೋ ಟೈ ಆಗ ಜರ್ಸಿಯ 88 ನಂಬರಿನಷ್ಟೇ ಊರಿಗೆ ಪರಿಚಯ. 70 ತುಂಬಿದರೆ ಅಲ್ಲಿ ನ್ಯಾಯಮೂರ್ತಿಗಳು ನಿವೃತ್ತರಾಗಬೇಕು. 2015ರಲ್ಲಿ ಇಳಿದರು.

ಮಿನಿಯಾಪೊಲಿಸ್‌ನಲ್ಲಿ ಒಂದು ಶಾಲೆಗೆ ಅಲೆಕ್ಸಾಂಡರ್ ರಾಮ್ಸೆ ಹೆಸರಿತ್ತು. ರಾಮ್ಸೆ ಆ ರಾಜ್ಯದ ಹಳೆಯ ಗವರ್ನರ್. 1862ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರನ್ನು ಒಂದೋ ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದ ಗಡಿಯಾಚೆ ಓಡಿಸಬೇಕು ಅಂದವರು. ಆ ಶಾಲೆಯ ಮಕ್ಕಳು ಇದನ್ನು ಓದಿ ತಿಳಿದುಕೊಂಡರು. ಈ ಹೆಸರು ನಮಗೆ ಬೇಡ ಅಂದರು. 2017ರಲ್ಲಿ ಅದು ಜಸ್ಟಿಸ್ ಪೇಜ್ ಮಿಡ್ಲ್ ಸ್ಕೂಲ್ ಆಯಿತು. ಗಮನಿಸಿ, ಪೇಜ್ ಹೆಸರಲ್ಲ, ಜಸ್ಟಿಸ್ ಪೇಜ್ ಹೆಸರು. 6, 7, 8ನೇ ಕ್ಲಾಸಿನ ಮಕ್ಕಳು ಎತ್ತಿದ ಪ್ರಶ್ನೆಯಿಂದ ಇದು ಆದದ್ದು. ಆಟಗಾರನಿಗೆ ಸಿಗುವ ಯಾವ ಟ್ರೋಫಿಗಿಂತಲೂ ಇದು ದೊಡ್ಡದು ಅಂತ ನಾನು ನಂಬುತ್ತೇನೆ.

ಅವರ ಮನೆಯ ಬಗ್ಗೆಯೂ ಹೇಳಬೇಕು. ಪೇಜ್ ಮತ್ತು ಡಯಾನ್ ವರ್ಷಗಟ್ಟಲೆ ಹಳೆಯ ವಸ್ತುಗಳನ್ನು ಕೂಡಿಟ್ಟರು. ಗುಲಾಮಗಿರಿ ಕಾಲದವು, ಆಮೇಲಿನ ಭೇದಭಾವದ ಕಾಲದವು. ಕಪ್ಪು ಜನರು ಇಲ್ಲಿ ಕೂರಬೇಕು, ಇಲ್ಲಿ ನಿಲ್ಲಬೇಕು ಅನ್ನುವ ಬೋರ್ಡುಗಳು. ಲಿಂಕನ್ ತೀರಿಕೊಂಡಾಗ ಶವಯಾತ್ರೆಗೆ ಜನ ಬರೆದು ಹಿಡಿದ ಒಂದು ಬಟ್ಟೆಯ ಬ್ಯಾನರ್. "ಏಬ್ ಮಾವ, ನಿನ್ನನ್ನು ಮರೆಯುವುದಿಲ್ಲ" ಅಂತ ಅದರಲ್ಲಿದೆ. ಏಬ್ ಅಂದರೆ ಅಬ್ರಹಾಂ ಲಿಂಕನ್. 2018ರಲ್ಲಿ ಇವನ್ನು ಮಿನಿಯಾಪೊಲಿಸ್‌ನ ಕೇಂದ್ರ ಗ್ರಂಥಾಲಯದಲ್ಲಿ ಎಲ್ಲರೂ ನೋಡಲು ಇಟ್ಟರು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಡಯಾನ್ ತೀರಿಕೊಂಡರು. ನವೆಂಬರ್‌ನಲ್ಲಿ ಪೇಜ್‌ಗೆ ದೇಶದ ಅತಿ ದೊಡ್ಡ ನಾಗರಿಕ ಗೌರವ ಬಂತು, ಅಧ್ಯಕ್ಷರ ಸ್ವಾತಂತ್ರ್ಯ ಪದಕ. ಶ್ವೇತಭವನದಲ್ಲಿ ಅದೇ ದಿನ ಅದೇ ಪದಕ ಹಾಕಿಸಿಕೊಂಡ ಇನ್ನೊಬ್ಬರು ಯಾರು ಗೊತ್ತೇ? ರೋಜರ್ ಸ್ಟಾಬಾಕ್. 43 ವರ್ಷದ ಹಿಂದೆ ದೇವರ ಮೇಲೆ ಭಾರ ಹಾಕಿ ಚೆಂಡು ಎಸೆದು ಇವರನ್ನು ಮನೆಗೆ ಕಳಿಸಿದವರು.

2020ರಲ್ಲಿ ಪೇಜ್ ಮತ್ತೆ ಒಂದು ಕೆಲಸಕ್ಕೆ ಕೈ ಹಾಕಿದರು. ಜೊತೆಗೆ ನೀಲ್ ಕಾಶ್ಕಾರಿ. ಅವರ ತಂದೆತಾಯಿ ಕಾಶ್ಮೀರದಿಂದ ಹೋದವರು. ನೀಲ್ ಹುಟ್ಟಿದ್ದು ಕ್ಯಾಂಟನ್ ಪಕ್ಕದ ಆಕ್ರನ್‌ನಲ್ಲಿ, ಈಗ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷರು. ಮಿನೆಸೋಟದಲ್ಲಿ ಬಿಳಿ ಮಕ್ಕಳ ಓದಿಗೂ ಕಪ್ಪು ಮಕ್ಕಳ ಓದಿಗೂ ಇರುವ ಅಂತರ ಅಮೆರಿಕದಲ್ಲೇ ತೀರಾ ಕೆಟ್ಟದ್ದರಲ್ಲಿ ಒಂದು. ರಾಜ್ಯದ 1857ರ ಸಂವಿಧಾನ ಶಾಲೆಗಳ ವ್ಯವಸ್ಥೆ ಇರಬೇಕು ಅನ್ನುತ್ತದೆ. ಒಳ್ಳೆಯ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಅಂತ ತಿದ್ದೋಣ ಅನ್ನುವುದು ಇವರಿಬ್ಬರ ಪ್ರಸ್ತಾಪ. ಜನ ಅದನ್ನು ಪೇಜ್ ತಿದ್ದುಪಡಿ ಅಂತ ಕರೆದರು. ಶಿಕ್ಷಕರ ಸಂಘ ವಿರೋಧಿಸಿತು. ಹಳೆಯ ಮಾತು ತೆಗೆದರೆ ಸರ್ಕಾರಿ ಶಾಲೆಗೆ ದುಡ್ಡು ಕೊಡುವ ಹೊಣೆಯಿಂದ ಸರ್ಕಾರ ಜಾರಿಕೊಳ್ಳಬಹುದು ಅನ್ನುವ ಭಯ. ಆ ಭಯವನ್ನು ತಳ್ಳಿಹಾಕುವ ಹಾಗಿಲ್ಲ. ಆದರೂ ನನ್ನ ಮನಸ್ಸು ಪೇಜ್ ಕಡೆಗೇ ಇದೆ.

ಈ ದಾರಿಯಲ್ಲಿ ನಾವು ಮುಂದೆ ಇದ್ದೇವೆ ಅಂತ ನಿಮಗೆ ಗೊತ್ತಿರಲಿ. ಪೇಜ್ ಚುನಾವಣೆ ಗೆದ್ದ 1992ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಶಿಕ್ಷಣ ಮೂಲಭೂತ ಹಕ್ಕು ಅಂತ ಹೇಳಿತು. ನಮ್ಮ ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕದಿಂದ ಹುಟ್ಟಿದ ಕೇಸು ಅದು. 2002ರಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ನಮ್ಮ ಸಂವಿಧಾನದೊಳಗೆ ಬಂತು, 21ಎ ವಿಧಿಯಾಗಿ. ಬರವಣಿಗೆಯಲ್ಲಿ ನಮ್ಮ ಹತ್ತಿರ ಇದೆ. ಆದರೆ ನನ್ನ ಗೆಳೆಯನ ಹಾಗೆ ಹಾಜರಾತಿ ಮಾತ್ರ ಸಿಕ್ಕ ಮಕ್ಕಳು ಇವತ್ತಿಗೂ ಎಷ್ಟು ಹಾಸ್ಟೆಲ್‌ಗಳಲ್ಲಿದ್ದಾರೋ. ಇಲ್ಲಿ ಕೂತಿರುವ ಮೇಷ್ಟ್ರುಗಳನ್ನು, ಕೋಚ್‌ಗಳನ್ನು ಕೈಮುಗಿದು ಕೇಳುತ್ತೇನೆ. ವಾರದಲ್ಲಿ ಒಂದು ದಿನ ಅಭ್ಯಾಸ ಮುಗಿದ ಮೇಲೆ ಇವರನ್ನು ಕೂರಿಸಿ ಗಟ್ಟಿಯಾಗಿ ಒಂದು ಪುಟ ಓದಿಸಿ. ಓದಲು ಬರದವರನ್ನು ನೋಡಿ ನಾಲ್ಕು ಜನರ ಎದುರು ನಗಬೇಡಿ. ಪಕ್ಕಕ್ಕೆ ಕರೆದು ಕಲಿಸಿ.

ನಾನು ಅವರನ್ನು ನೋಡಿದ್ದು ಒಂದೇ ಸಲ. ಅಕ್ಟೋಬರ್‌ನ ಭಾನುವಾರ ಬೆಳಿಗ್ಗೆ, ಟ್ವಿನ್ ಸಿಟೀಸ್ ಮ್ಯಾರಥಾನ್. ಮಿನಿಯಾಪೊಲಿಸ್‌ನಲ್ಲಿ ಶುರುವಾಗಿ ಕೆರೆಗಳ ದಂಡೆ ಹಿಡಿದು ಸೇಂಟ್ ಪಾಲ್‌ನ ವಿಧಾನಸೌಧದ ಮುಂದೆ ಮುಗಿಯುವ ಓಟ. ನಾನು ಓಡುತ್ತಿರಲಿಲ್ಲ, ಗೆಳೆಯನೊಬ್ಬನಿಗೆ ನೀರು ಕೊಡಲು ಹೋಗಿದ್ದೆ. ಮೇಪಲ್ ಎಲೆಗಳು ಕೆಂಪಾಗಿದ್ದವು. ಎಲ್ಲಿಂದಲೋ ನಮ್ಮ ಬ್ಯಾಂಡ್‌ಸೆಟ್‌ನವರ ದೊಡ್ಡ ಕಹಳೆಯ ಹಾಗೆ ಭೊಂ ಭೊಂ ಅಂತ ಸದ್ದು ಕೇಳಿಸಿತು. ರಸ್ತೆ ಪಕ್ಕದಲ್ಲಿ ಎತ್ತರದ ಒಬ್ಬ ಮನುಷ್ಯ ಮೈಗೆ ಸುತ್ತಿಕೊಂಡ ಸೂಸಫೋನ್ ಊದುತ್ತಿದ್ದರು. ವರ್ಷವೂ ಹೀಗೇ ನಿಂತು ಊದುತ್ತಾರೆ ಅಂತ ಪಕ್ಕದವರು ಹೇಳಿದರು. ಮುಂದೆ ಓಡುವವರು ಆಗಲೇ ದಾಟಿ ಹೋಗಿಯಾಗಿತ್ತು. ಈಗ ಬರುತ್ತಿದ್ದವರು ಹಿಂದುಳಿದವರು. ಏದುಸಿರು ಬಿಡುವವರು, ದಪ್ಪ ಮೈಯವರು, ವಯಸ್ಸಾದವರು. ಸದ್ದು ಕೇಳಿ ತಲೆ ಎತ್ತಿ ನೋಡುತ್ತಿದ್ದರು. ಕೆಲವರು ಕೈ ಬೀಸಿದರು. ಕಹಳೆಯ ಗುಂಡಿಗಳ ಮೇಲೆ ಅವರ ಬೆರಳು ಆಡುತ್ತಿತ್ತು. ನಾನು ಆ ಅಡ್ಡ ತಿರುಗಿದ ಕಿರುಬೆರಳು ಕಾಣುತ್ತದೆಯೇ ಅಂತ ನೋಡುತ್ತಾ ನಿಂತೆ. ಕೊನೆಯ ಓಟಗಾರ್ತಿ ಬರುವವರೆಗೂ ಅವರು ಊದುತ್ತಲೇ ಇದ್ದರು.